ಅರ್ಪಣವೂ ನಾಲಗೆಯ ಚಾಪಲ್ಯವೂ

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಇಷ್ಟಲಿಂಗಕ್ಕೆ ಅರ್ಪಿಸದುದನ್ನು ಭಕ್ತನು ಕೊಳ್ಳಲಾಗದು. ಪ್ರಸಾದವಾಗಿ ಕೊಂಡುದನ್ನು ಚೆಲ್ಲಲಾಗದು. ಈ ಎರಡು ನೇಮಗಳು ದೇಹಭಾರವನ್ನು ಇಳಿಸಿಕೊಂಡವರಿಗೂ ಆಸರೆಯಾಗಬಲ್ಲವು.

ತೂಕವಿಳಿದೊಡನೆ ಹಸಿವು ತಣಿಯದು. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ವರ್ಷ ಕಳೆದರೂ ಏರಿದ ಮಟ್ಟದಲ್ಲಿಯೇ ಇದ್ದುದನ್ನು 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಸಂಶೋಧನೆಯೊಂದು ತೋರಿಸಿತು. ಆದುದರಿಂದ ಮರುಕಳಿಸುವ ಬಯಕೆಯು ದೇಹಧರ್ಮವೇ ಹೊರತು ಪಾಪವಲ್ಲ.

ಬೆಂಗಳೂರಿನ ಉಪ್ಪಾರಪೇಟೆಯಲ್ಲಿ ಸಂಜೆ ಬಸ್ಸಿಗೆ ನಡೆಯುವವನನ್ನು ಬಜ್ಜಿಯ ಕಂಪು ಸೆಳೆಯುವುದು. ಕಾಣುವುದಕ್ಕೂ ಕೊಳ್ಳುವುದಕ್ಕೂ ನಡುವೆ ಅರ್ಪಣದ ಕ್ಷಣವೊಂದಿದ್ದರೆ, ಇದು ಹಸಿವೋ ಚಾಪಲ್ಯವೋ ಎಂದು ವಿಚಾರಿಸಲು ಎಡೆಯುಂಟು. ಚೆಲ್ಲಲಾಗದೆಂಬ ನೇಮವುಳ್ಳವನು ಮೊದಲೇ ಮಿತವಾಗಿ ಬಡಿಸಿಕೊಳ್ಳುವನು.

ಎಂದಾದರೂ ಮರೆತು ಉಂಡವನು ಎದೆಗುಂದಿ ನೇಮವನ್ನೇ ಬಿಡಬೇಕಾಗಿಲ್ಲ. ಮುಂದಿನ ತುತ್ತನ್ನು ಅರಿತು ಅರ್ಪಿಸಿದರೆ ಸಾಕು.