ಮುಪ್ಪಿನ ಮರೆವೂ ಮರೆವಿನ ರೋಗವೂ

ಊರುಗೋಲನ್ನು ಎಲ್ಲಿಟ್ಟೆನೆಂದು ಮರೆತು, ಸ್ವಲ್ಪ ಹೊತ್ತಿನ ಮೇಲೆ ನೆನಸಿಕೊಳ್ಳುವದು ಮುಪ್ಪಿನ ಮರೆವು. ಆದರೆ ಉಂಡ ಮೇಲೆ ಉಂಡಿಲ್ಲವೆನ್ನುವದು, ಒಂದೇ ಪ್ರಶ್ನೆಯನ್ನು ಗಳಿಗೆಗೊಮ್ಮೆ ಕೇಳುವದು, ತಿಳಿದ ದಾರಿಯಲ್ಲಿಯೇ ದಿಕ್ಕುತಪ್ಪುವದು, ಇವು ರೋಗದ ಗುರುತುಗಳಾಗಿರಬಹುದು. ಇದು ದೆವ್ವದ ಕಾಟವಲ್ಲ, ಹಟವಲ್ಲ, ಯಾವ ಪಾಪದ ಶಿಕ್ಷೆಯೂ ಅಲ್ಲ, ಮಿದುಳಿನ ವ್ಯಾಧಿ.

ಇದು ತಿಳಿದುಬಂದದ್ದು ಹ್ಯಾಗೆಂದರೆ: 1901ರಲ್ಲಿ ಜರ್ಮನಿ ದೇಶದ ಫ್ರಾಂಕ್‌ಫುರ್ಟ್ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಆಗುಸ್ತೆ ಡೇಟರ್ ಎಂಬ 51 ವರುಷದ ಹೆಂಗಸನ್ನು ಸೇರಿಸಿದರು. ಆಲ್ಜೈಮರ್ ಎಂಬ ವೈದ್ಯನು ಆಕೆಯ ಹೆಸರನ್ನು ಕೇಳಲು, ಆಗುಸ್ತೆ ಎಂದಳು. ಗಂಡನ ಹೆಸರನ್ನು ಕೇಳಿದಾಗಲೂ ಆಗುಸ್ತೆ ಎಂದೇ ಉತ್ತರಕೊಟ್ಟಳು. ಮಾಂಸವನ್ನೂ ಹೂಕೋಸನ್ನೂ ತಿನ್ನುತ್ತಿರುವಾಗ, ಏನು ತಿನ್ನುತ್ತೀ ಎಂದರೆ ಸೊಪ್ಪು ಎಂದಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಜೈಮರನು ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದನು. ಅದು ಕುಗ್ಗಿಹೋಗಿತ್ತು, ನರಕೋಶಗಳೊಳಗೆ ಸಿಕ್ಕುಬಿದ್ದ ಎಳೆಗಳೂ ಅವುಗಳ ನಡುವೆ ಗಂಟುಗಂಟಾದ ಕಲ್ಮಷವೂ ಇದ್ದವು. 1910ರಲ್ಲಿ ಕ್ರೇಪೆಲಿನ್ ಎಂಬ ಪಂಡಿತನು ಈ ವ್ಯಾಧಿಗೆ ಆಲ್ಜೈಮರನ ಹೆಸರನ್ನಿಟ್ಟನು. ಆಗುಸ್ತೆಗೆ ಇದು ಬೇಗನೆ ಬಂತು. ಹೆಚ್ಚಾಗಿ ಇದು 65 ವರುಷ ದಾಟಿದವರಿಗೆ ಬರುವದು.

ಹೊಸ ನೆನಪನ್ನು ಕೂಡಿಸಿಡುವ ಭಾಗವು ಸಾಧಾರಣವಾಗಿ ಮೊದಲು ಕೆಡುತ್ತದೆ. ಆದದರಿಂದ ಬಾಲ್ಯದ ಸಂಗತಿಯನ್ನು ಚೆನ್ನಾಗಿ ಹೇಳುವ ಅಜ್ಜಿಗೆ ಈ ಬೆಳಗಿನ ಗಂಜಿಯ ನೆನಪಿರುವದಿಲ್ಲ. ಮನೆಯವರು ಇದನ್ನರಿಯದೆ, ಬೇಕೆಂದೇ ಹೀಗೆ ಮಾಡುತ್ತಾಳೆಂದು ಗದರಿಸುತ್ತಾರೆ. ಆಕೆಯು ಗದರಿದ ಮಾತನ್ನು ಮರೆಯಬಹುದು. ಆದರೆ ಮಾತು ಮರೆತ ಮೇಲೂ ಅದರ ನೋವು ಮನಸ್ಸಿನಲ್ಲಿ ಉಳಿದಿರುತ್ತದೆ. ಪ್ರೀತಿಯಿಂದ ಆಡಿದ ಮಾತಿನ ಸಮಾಧಾನವೂ ಹಾಗೆಯೇ ಉಳಿಯುವದು.

ಮಾಡತಕ್ಕದ್ದೇನು?

1. ಮೊದಲು ವೈದ್ಯರ ಬಳಿಗೆ ಕರಕೊಂಡು ಹೋಗಿರಿ. ಥೈರಾಯ್ಡ್ ಗ್ರಂಥಿಯ ದೋಷ, ಬಿ12 ವಿಟಮಿನ್ನಿನ ಕೊರತೆ, ಬಹುದಿನದ ಮನೋವ್ಯಥೆ ಇವುಗಳಿಂದಲೂ ಮರೆವು ಬರುವದುಂಟು. ಇವಕ್ಕೆ ಚಿಕಿತ್ಸೆ ಇದೆ. ಆಲ್ಜೈಮರ್ ವ್ಯಾಧಿಯನ್ನು ವಾಸಿಮಾಡುವ ಔಷಧವು ಇನ್ನೂ ಇಲ್ಲ. ಕೆಲವು ಔಷಧಗಳಿಂದ ಸ್ವಲ್ಪ ಉಪಶಮನವಾಗಬಹುದು.

2. ವಾದಿಸಬೇಡಿರಿ. ಹತ್ತನೆಯ ಸಾರಿ ಕೇಳಿದರೂ ಮೊದಲನೆಯ ಸಾರಿಯಂತೆಯೇ ಉತ್ತರಕೊಡಿರಿ.

3. ಊಟ, ಸ್ನಾನ, ನಿದ್ರೆ ನಿತ್ಯವೂ ಒಂದೇ ಹೊತ್ತಿಗೆ ಆಗಲಿ. ಬಾವಿಯ ಬಳಿಗೂ ಒಲೆಯ ಬಳಿಗೂ ಒಂಟಿಯಾಗಿ ಬಿಡಬೇಡಿರಿ. ಹೆಸರೂ ಊರೂ ಬರೆದ ಚೀಟಿಯನ್ನು ಬಟ್ಟೆಗೆ ಹೊಲಿಯಿರಿ.

4. ಆರೈಕೆಯ ಭಾರವನ್ನೆಲ್ಲಾ ಒಬ್ಬ ಸೊಸೆಯ ಮೇಲೆ ಹೊರಿಸಬಾರದು. ಗಂಡಸರೂ ನೆರೆಯವರೂ ಸರದಿಯಂತೆ ಕೂತು, ಆಕೆಗೆ ವಿಶ್ರಾಂತಿ ಕೊಡತಕ್ಕದ್ದು.

ನಮ್ಮ ಹೆಸರನ್ನು ಮರೆತ ತಾಯಿಯು ನಮ್ಮ ತಾಯಿಯಲ್ಲದೆ ಹೋಗುವದಿಲ್ಲ. ಆಕೆಗೆ ನೆನಪಿಲ್ಲದ್ದನ್ನು ನಾವು ಆಕೆಗೋಸ್ಕರ ನೆನಪಿನಲ್ಲಿಡೋಣ.