ಹಳೆಯ ಗಣಕಯಂತ್ರದಲ್ಲಿ ದ್ರಾಕ್ಷಿ ತೋಟದ ಸಿಂಪರಣೆ ಲೆಕ್ಕ

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟ್ನಿ ಮುಗಿದೊಡನೆ ಸಿಂಪರಣೆಯ ಕೆಲಸ ಬಿರುಸಾಗುತ್ತದೆ. ಯಾವ ದಿನ, ಯಾವ ಪ್ಲಾಟಿಗೆ, ಯಾವ ಔಷಧವನ್ನು ಎಷ್ಟು ಹೊಡೆದಿರಿ ಎಂಬುದನ್ನು ಬರೆದಿಡದಿದ್ದರೆ, ಕೊನೆಯ ಸಿಂಪರಣೆಗೂ ಕಟಾವಿಗೂ ನಡುವೆ ಕಾಯಬೇಕಾದ ದಿನಗಳ ಲೆಕ್ಕ ತಪ್ಪುತ್ತದೆ. ಹಣ್ಣಿನಲ್ಲಿ ಔಷಧದ ಅಂಶ ಮಿತಿಮೀರಿ ಉಳಿದರೆ ವರ್ಷದ ದುಡಿಮೆ ಹಾಳಾಗಬಹುದು.

ಈ ಲೆಕ್ಕಕ್ಕೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಮಕ್ಕಳ ಓದಿಗೆಂದು ತಂದು ಈಗ ಮೂಲೆ ಸೇರಿರುವ ವಿಂಡೋಸ್ 7ರ ಗಣಕಯಂತ್ರವೇ ಸಾಕು. ಅದರಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಪಠ್ಯ ಸಂಪಾದಕವನ್ನು ಅಳವಡಿಸಿಕೊಳ್ಳಿರಿ. 2003ರಲ್ಲಿ ಹೊರಬಂದ ಇದು ಉಚಿತ. ಯಂತ್ರಕ್ಕೆ ಭಾರವೂ ಅಲ್ಲ.

ಅಳವಡಿಸುವ ಕ್ರಮ:

1. ‘ಕಂಪ್ಯೂಟರ್’ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಸಿಸ್ಟಮ್ ಟೈಪ್’ ಎಂಬಲ್ಲಿ 32 ಬಿಟ್ ಎಂದಿದ್ದರೆ 32 ಬಿಟ್ಟಿನ ಪ್ರತಿಯನ್ನೇ ತರಬೇಕು. 64 ಬಿಟ್ಟಿನದು ಅದರಲ್ಲಿ ನಡೆಯುವುದಿಲ್ಲ.

2. ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರಿಗೆ ದೊರೆಯುತ್ತಿದ್ದ ಸುರಕ್ಷತಾ ಪರಿಷ್ಕರಣೆ 2020ರ ಜನವರಿ 14ಕ್ಕೆ ನಿಂತಿದೆ. ಆದ್ದರಿಂದ ಹಳೆಯ ಯಂತ್ರಕ್ಕೆ ಅಂತರ್ಜಾಲ ಜೋಡಿಸದೆ, ಬೇರೊಂದು ಹೊಸ ಯಂತ್ರದಲ್ಲಿ ಮೂಲ ತಾಣದಿಂದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿರಿ.

3. ಕಡತದ ಮೇಲೆ ಎರಡು ಸಲ ಒತ್ತಿ, ಕೇಳಿದ ಪ್ರಶ್ನೆಗಳಿಗೆ ಒಪ್ಪಿಗೆ ಕೊಡುತ್ತ ಹೋಗಿರಿ.

4. ‘ಕಂಟ್ರೋಲ್ ಪ್ಯಾನೆಲ್’ನ ಭಾಷಾ ವಿಭಾಗದಲ್ಲಿ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಳ್ಳಿರಿ.

5. ‘ಎನ್‌ಕೋಡಿಂಗ್’ ಪಟ್ಟಿಯಲ್ಲಿ ಯುಟಿಎಫ್-8 ಆರಿಸಿರುವುದನ್ನು ಖಚಿತಪಡಿಸಿಕೊಳ್ಳಿರಿ.

ಐದನೆಯ ಅಂಶವೇ ಬಹು ಮುಖ್ಯವಾದುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಬರೆದುದು ಅದೇ ವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವುದರಿಂದ ಆ ಬರಹ ಮೊಬೈಲಿನಲ್ಲಿಯೂ ಹಾಗೆಯೇ ತೆರೆಯುತ್ತದೆ. ವಿಂಡೋಸ್ 7ರ ಸಾದಾ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಆರಿಸದೆ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಹಾಗಾದ ಕಡತದಿಂದ ಅಕ್ಷರ ಮರಳಿ ಬಾರದು.

ಒಂದು ಸಿಂಪರಣೆಗೆ ಒಂದು ಸಾಲು ಸಾಕು. ಉದಾಹರಣೆಗೆ:

2025-10-20, ಪ್ಲಾಟು 2, ಬೋರ್ಡೋ ದ್ರಾವಣ ಶೇ. 1, 400 ಲೀಟರ್

ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಸಾಲುಗಳನ್ನು ದಿನಾಂಕದ ಪ್ರಕಾರ ಜೋಡಿಸುವುದು ಸುಲಭ.

ಮೊದಲ ದಿನವೇ ಎರಡು ಸಾಲು ಬರೆದು ಉಳಿಸಿ, ಬೇರೆ ಯಂತ್ರದಲ್ಲಿ ತೆರೆದು ಓದಿ ನೋಡಿರಿ. ಸರಿಯಾಗಿ ಕಂಡ ಮೇಲೆ ಮುಂದುವರಿಸಿರಿ. ಹಳೆಯ ಯಂತ್ರದ ಡಿಸ್ಕು ಹೇಳಿಕೇಳಿ ಕೆಡುವುದಿಲ್ಲ. ಬೀಜದ ಜೋಳವನ್ನೆಲ್ಲ ಒಂದೇ ಹಗೇವಿನಲ್ಲಿ ಇಡುವವರುಂಟೇ? ವಾರಕ್ಕೊಮ್ಮೆ ಕಡತದ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿಡಿರಿ.