ಮನೋರೋಗದ ಪ್ರಶ್ನಾವಳಿ: ದಂಪತಿಗಳು ಅರಿತಿರಬೇಕಾದ ವಿಷಯ

ಮಿತಭಾಷಿಯಾದ ಗೃಹಸ್ಥನೊಬ್ಬನು ಇದ್ದಕ್ಕಿದ್ದಂತೆ ಎಡೆಬಿಡದೆ ಮಾತನಾಡತೊಡಗುತ್ತಾನೆ. ರಾತ್ರಿ ಎರಡು ಗಂಟೆ ಮಾತ್ರ ಮಲಗಿಯೂ ದಣಿಯುವುದಿಲ್ಲ. ಸಾಲ ಮಾಡಿ ಬೇಡದ ವಸ್ತುಗಳನ್ನು ಕೊಳ್ಳುತ್ತಾನೆ. ಕೆಲವು ತಿಂಗಳ ನಂತರ ಅದೇ ವ್ಯಕ್ತಿ ಮೂಲೆ ಹಿಡಿದು ಕುಳಿತು, ಬದುಕೇ ಬೇಡವೆನ್ನುತ್ತಾನೆ. ಇದು ದುರ್ನಡತೆಯೂ ಅಲ್ಲ, ಗ್ರಹಚಾರವೂ ಅಲ್ಲ. ಚಿಕಿತ್ಸೆಯಿಂದ ಹತೋಟಿಗೆ ಬರುವ ಉನ್ಮಾದ-ಖಿನ್ನತೆಯ ಕಾಯಿಲೆ. ಇದನ್ನು ಬೈಪೋಲಾರ್ ಕಾಯಿಲೆ ಎಂದೂ ಕರೆಯುವರು. ಈ ಕಾಯಿಲೆಯುಳ್ಳ ಸ್ತ್ರೀಯರಲ್ಲಿ ಹೆರಿಗೆಯ ನಂತರದ ವಾರಗಳಲ್ಲಿ ಇದು ಮರುಕಳಿಸುವ ಸಂಭವ ಹೆಚ್ಚು.

ಇಂತಹವರನ್ನು ಬೇಗನೆ ಗುರುತಿಸಲು ವೈದ್ಯರು ಪ್ರಶ್ನಾವಳಿಯ ನೆರವು ಪಡೆಯುವುದುಂಟು. ಅಮೆರಿಕದ ಹರ್ಷ್‌ಫೆಲ್ಡ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 13 ಲಕ್ಷಣಗಳಿವೆ. ಅವುಗಳಲ್ಲಿ 7 ಅಥವಾ ಹೆಚ್ಚಿನವಕ್ಕೆ 'ಹೌದು' ಎಂದು ಉತ್ತರ ಬಂದು, ಹಲವು ಲಕ್ಷಣಗಳು ಒಂದೇ ಕಾಲದಲ್ಲಿ ಕಾಣಿಸಿಕೊಂಡು, ಜೀವನಕ್ಕೆ ತೊಂದರೆಯಾಗಿದ್ದರೆ ವೈದ್ಯರ ಪರೀಕ್ಷೆ ಅಗತ್ಯ.

ಪರಭಾಷೆಯ ಪ್ರಶ್ನೆಗಳನ್ನು ಪದಕ್ಕೆ ಪದ ಕನ್ನಡಿಸಿದರೆ ಸಾಲದು. 'ನಿದ್ರೆ ಕಡಿಮೆಯಾಗಿತ್ತೇ?' ಎಂದರೆ ನಡುರಾತ್ರಿ ಪಂಪ್‌ಸೆಟ್ ಹಾಕಲು ಎದ್ದ ರೈತನೂ, ಹಸುಗೂಸಿನ ತಾಯಿಯೂ ಹೌದೆನ್ನುವರು. 'ನಿದ್ರೆ ಕಡಿಮೆಯಾದರೂ ದಣಿವೇ ಆಗಲಿಲ್ಲವೇ?' ಎಂದು ಕೇಳಿದಾಗ ಮಾತ್ರ ಕಾಯಿಲೆಯ ಸುಳಿವು ದೊರೆಯುವುದು. ಆ ಪ್ರಶ್ನೆ ಕೆಂಗೇರಿಯ ಕೃಷಿಕನಿಗೂ, ರಾಜಾಜಿನಗರದ ಕಾರ್ಖಾನೆಯ ಕೆಲಸಗಾರನಿಗೂ, ಕರಾವಳಿಯ ಮೀನುಗಾರನಿಗೂ ಒಂದೇ ಅರ್ಥ ಕೊಡಬೇಕು.

ಆದುದರಿಂದ ಅನುವಾದವನ್ನು ಕ್ರಮವಾಗಿ ಪರೀಕ್ಷಿಸತಕ್ಕದ್ದು:

1. ಮೂಲವನ್ನು ನೋಡದ ಇನ್ನೊಬ್ಬರು ಕನ್ನಡದ ಪಾಠವನ್ನು ಮರಳಿ ಮೂಲಭಾಷೆಗೆ ತರುವರು. ವ್ಯತ್ಯಾಸವಿದ್ದರೆ ತಿದ್ದಲಾಗುವುದು.

2. ಸ್ಥಳೀಯ ಜನರಿಗೆ ಪ್ರಶ್ನೆ ಹೇಗೆ ಅರ್ಥವಾಯಿತೆಂದು ಕೇಳಲಾಗುವುದು.

3. ಉತ್ತರಗಳನ್ನು ತಿಳಿಯದ ಮನೋವೈದ್ಯರು ಅದೇ ವ್ಯಕ್ತಿಗಳನ್ನು ಸಂದರ್ಶಿಸುವರು. ಎರಡೂ ಎಷ್ಟರಮಟ್ಟಿಗೆ ತಾಳೆಯಾಗುವುವೆಂದು ನೋಡಲಾಗುವುದು.

ಪ್ರಶ್ನಾವಳಿಯು ಜರಡಿಯಂತೆ. ಕಣ್ಣು ದೊಡ್ಡದಾದರೆ ಕಾಳೂ ಜಾರಿಹೋಗುವುದು, ಅಂದರೆ ರೋಗಿಯೇ ತಪ್ಪಿಹೋಗುವನು. ಕಣ್ಣು ತೀರ ಸಣ್ಣದಾದರೆ ಮಣ್ಣೂ ಉಳಿಯುವುದು, ಅಂದರೆ ಆರೋಗ್ಯವಂತನೂ ರೋಗಿಯೆನಿಸುವನು. ಎಷ್ಟು 'ಹೌದು'ಗಳಿಗೆ ಗೆರೆ ಎಳೆಯಬೇಕೆಂಬುದನ್ನು ಆಯಾ ಭಾಷೆಯಲ್ಲಿ ಪರೀಕ್ಷಿಸಿಯೇ ನಿರ್ಧರಿಸಬೇಕು.

ನಮ್ಮ ನಾಡಿಗೆ ಈ ಶ್ರಮ ಹೊಸದಲ್ಲ. ಡಾ. ಆರ್. ಎಲ್. ಕಪೂರ್, ಮಾಳವಿಕಾ ಕಪೂರ್ ಹಾಗೂ ಕಾರ್‌ಸ್ಟೇರ್ಸ್ ಅವರು ಭಾರತೀಯರಿಗೆ ಒಪ್ಪುವ ಸಂದರ್ಶನ ಕ್ರಮವೊಂದನ್ನು ರೂಪಿಸಿ 1974ರಲ್ಲಿ ಪ್ರಕಟಿಸಿದರು. ಇಂದು ಉಡುಪಿ ಜಿಲ್ಲೆಗೆ ಸೇರಿರುವ ಕೋಟ ಗ್ರಾಮದ ಜನರ ಮಾನಸಿಕ ಆರೋಗ್ಯದ ಅಧ್ಯಯನವು 1976ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು.

ದಂಪತಿಗಳು ನೆನಪಿಡಬೇಕಾದ ಅಂಶಗಳು:

ಉನ್ಮಾದದಲ್ಲಿರುವವನು ತನಗೆ ಕಾಯಿಲೆಯಿಲ್ಲವೆನ್ನುವನು. ಬದಲಾವಣೆಯನ್ನು ಮೊದಲು ಕಾಣುವವರು ಪತಿ ಅಥವಾ ಪತ್ನಿ. ಕಂಡದ್ದನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿರಿ. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿರಿ. ಊಹಿಸಿ 'ಹೌದು' ಎನ್ನಬೇಡಿರಿ. ಪ್ರಶ್ನಾವಳಿ ತೀರ್ಪಲ್ಲ, ವೈದ್ಯರ ಬಳಿಗೆ ದಾರಿ ಮಾತ್ರ. ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಗರ್ಭಧಾರಣೆಗೆ ಮುನ್ನವೇ ವೈದ್ಯರ ಸಲಹೆ ಪಡೆಯತಕ್ಕದ್ದು. 2022ರಲ್ಲಿ ಆರಂಭವಾದ ಟೆಲಿ-ಮನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುವುದು.